ಟೀವಿಗಿಂತ ಆಟವೇ ವಾಸಿ

ಸಲಿಂಗಿಗಳ ಬಗ್ಗೆ ಜನರ ಮನಸ್ಸು ಬದಲಾಯಿಸುವುದು ಟೀವಿಯೇ, ರಂಗಭೂಮಿಯಿಂದ ಆಗದು ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಟೀವಿ ಕಾಮಿಡಿ ಶೋದಲ್ಲಿ ಗಂಡಸು ಸೀರೆ ಉಟ್ಟು ಬಂದರೆ ಸಾಕು, ಹಿಂದಿನಿಂದ ನಗುವಿನ ಸದ್ದು ಹಾಕುತ್ತಾರೆ. ನಮ್ಮ ಉಡುಪಿ ಕಡೆಯ ಆಟದಲ್ಲಿ, ಅಂದರೆ ಯಕ್ಷಗಾನದಲ್ಲಿ, ಸ್ತ್ರೀವೇಷ ಹಾಕಿದ ಗಂಡಸರು ದಮಯಂತಿಯಾಗಿ ಅತ್ತರೆ ಎದುರು ಕೂತ ಅಜ್ಜಿಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹಾಗಂತ ಆಟ ನೋಡಿದವರೆಲ್ಲ ಉದಾರಿಗಳು ಅಂತಲ್ಲ ಮಾರಾಯ್ರೇ! ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. 2023ರಲ್ಲಿ ಮದುವೆಗೆ ಮಾತ್ರ ಮಾನ್ಯತೆ ಕೊಡಲಿಲ್ಲ. ಮದುವೆ ಬಿಡಿ, ಇಬ್ಬರು ಹುಡುಗರು ನಾವು ಜೋಡಿ ಅಂತ ಹೇಳಿ ಮಣಿಪಾಲದಲ್ಲಿ ಬಾಡಿಗೆ ಮನೆ ಕೇಳಲಿ ನೋಡೋಣ. ಧಾರಾವಾಹಿಯವರು ಸುಮ್ನೆ ಅತ್ತೆ ಸೊಸೆ ಜಗಳ ಎಳೆಯುವ ಬದಲು ಇದನ್ನೇ ಕಥೆ ಮಾಡಬಹುದು ಅಲ್ವಾ?