ಸತ್ಯಾಂಶ: ಕೋವಿ ವರ್ಕ್‌ಶಾಪ್‌ಗೆ ಪಂಚಾಯಿತಿ ಲೈಸೆನ್ಸ್ ಸಾಕೇ?

ಶಿರಸಿ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಲೇತ್ ಇದ್ದವರು ಪಂಚಾಯಿತಿ ಲೈಸೆನ್ಸ್ ತಗೊಂಡು ಕೋವಿ ರಿಪೇರಿ ಅಂಗಡಿ ಹಾಕಬಹುದು. ಬೆಳೆ ರಕ್ಷಣೆಯ ಕೋವಿಯನ್ನು ರೈಫಲ್ ಮಾಡಿಕೊಡಬಹುದು' ಅಂತ.

ಎರಡೂ ತಪ್ಪು.

1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ನೋಡಿ. ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲು, ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಲೂ ಅದೇ ಕಾಯ್ದೆಯ ಲೈಸೆನ್ಸ್ ಬೇಕು. ನಳಿಗೆ ಗಿಡ್ಡ ಮಾಡುವುದಕ್ಕೆ 6ನೇ ಸೆಕ್ಷನ್ ಬೇರೆಯೇ ಇದೆ. ಪಂಚಾಯಿತಿಯ ಕಾಗದ ಅಂಗಡಿಗಷ್ಟೇ, ಆಯುಧಕ್ಕಲ್ಲ.

ಇನ್ನು ರೈಫಲ್ ವಿಷಯ. ಅಡಿಕೆ ತೋಟಕ್ಕೆ ಮಂಗ, ಹಂದಿ ಬರುತ್ತವೆ ಅಂತ ಇಟ್ಟುಕೊಳ್ಳುವ ಕೇಪಿನ ಕೋವಿಯ ನಳಿಗೆ ಒಳಗೆ ಪೈಪಿನಂತೆ ನುಣುಪು. ರೈಫಲ್ ನಳಿಗೆಯಲ್ಲಿ ಸುರುಳಿ ಗೀರುಗಳಿರುತ್ತವೆ, ಗುಂಡು ತಿರುಗುತ್ತಾ ಹೋಗುತ್ತದೆ. ಕಾನೂನಿಗೆ ಇವು ಬೇರೆ ಬೇರೆ ಆಯುಧ, ಅಲ್ವಾ? ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದೂ ಯಾವ ಬಗೆಯ ಕೋವಿ ಅಂತಲೇ.

ಶಿಕ್ಷೆಯೂ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಇಂಥ ಕೆಲಸ ಮಾಡಿದರೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಕೈಯಲ್ಲಿ ಒಳ್ಳೆ ಕಸುಬಿರುವ ಹುಡುಗರು ಸುಮ್ನೆ ಒಂದು ಫಾರ್ವರ್ಡ್ ನಂಬಿ ಸಿಕ್ಕಿಬೀಳಬಾರದು ಅನ್ನುವುದೇ ನನ್ನ ಕಾಳಜಿ. ಅಂಗಡಿ ಹಾಕುವ ಮನಸ್ಸಿದ್ದರೆ ಯಂತ್ರ ಕೊಳ್ಳುವ ಮೊದಲೇ ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.