ಬೆಂಬಲಿಗರ ಭಾಗ್ಯ

ಸಮರ್ಥ ನಾಯಕನ ಬೆನ್ನಿಗೆ ನಿಷ್ಠಾವಂತ ಬೆಂಬಲಿಗರಿರಬೇಕು ಎಂಬ ಮಾತು ಮೊನ್ನೆ ಗಡಿನಾಡು ಕಾಸರಗೋಡಿನ ಸನ್ಮಾನ ಸಭೆಯೊಂದರಲ್ಲಿ ಮತ್ತೊಮ್ಮೆ ಕೇಳಿಬಂತು. ತಲಪಾಡಿಯಿಂದ ಕುಂಬಳೆಯವರೆಗೆ ರಸ್ತೆಬದಿಯ ಫ್ಲೆಕ್ಸುಗಳನ್ನು ನೋಡುತ್ತ ಬಂದವರಿಗೆ ಇದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ. ಅನಧಿಕೃತ ಫಲಕಗಳನ್ನು ತೆಗೆಯಿರೆಂದು ಕೇರಳದ ಉಚ್ಚ ನ್ಯಾಯಾಲಯ ಎಷ್ಟು ಬಾರಿ ಗದರಿದರೂ ಅಭಿಮಾನಕ್ಕೆ ಕಾನೂನಿನ ಹಂಗಿಲ್ಲ.

ಈ ಫಲಕಗಳ ರಚನೆಯೇ ಒಂದು ಶಾಸ್ತ್ರ. ನಡುವೆ ಆಳೆತ್ತರದ ನಾಯಕ, ಎದೆಯ ಮಟ್ಟದಲ್ಲಿ ಮಂಡಲದ ಪದಾಧಿಕಾರಿಗಳು, ಪಾದದ ಬಳಿ ಖರ್ಚು ಕೊಟ್ಟವರು. ಖರ್ಚು ಕೊಟ್ಟೂ ಮುಖ ಬಿಟ್ಟುಹೋದವನು ಮರುದಿನವೇ ಎದುರು ಬಣದ ಫಲಕದಲ್ಲಿ ನಗುತ್ತಿರುತ್ತಾನೆ. ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆ ಇತ್ಯರ್ಥವಾದದ್ದು 89 ಮತಗಳಿಂದ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಫ್ಲೆಕ್ಸಿನಲ್ಲಿ ಹಿಡಿಸುವಷ್ಟು ಮುಖಗಳಿಂದ. ಇಂಥ ನೆಲದಲ್ಲಿ ಯಾವ ನಾಯಕ ತಾನೇ ಬೆಂಬಲಿಗನನ್ನು ಅಲಕ್ಷಿಸಿಯಾನು?

ಬೆಂಬಲಿಗನ ತಾಳ್ಮೆಯನ್ನಂತೂ ಮೆಚ್ಚಲೇಬೇಕು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ರಾಜ್ಯಗಳ ಗಡಿ ತಕರಾರು ಪರಿಶೀಲಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು, ಅದು ಇಂದಿಗೂ ಜಾರಿಯಾಗಿಲ್ಲ. ಗಡಿಯಾಚೆಯಿಂದ ಬರುವ ಅತಿಥಿಗಳು ಅದನ್ನು ಈಗಷ್ಟೇ ಕಂಡುಹಿಡಿದವರಂತೆ ಭಾಷಣದಲ್ಲಿ ಘೋಷಿಸುತ್ತಾರೆ, ನಾವು ಮೊದಲ ಸಲ ಕೇಳಿದವರಂತೆ ಚಪ್ಪಾಳೆ ತಟ್ಟುತ್ತೇವೆ. ಊಟ ಮುಗಿಸಿದ ಅತಿಥಿಗಳು ಕತ್ತಲಾಗುವ ಮೊದಲೇ ಮಂಗಳೂರು ಸೇರುತ್ತಾರೆ. ಹೋರಾಡಿದ ನಾಯಕರು ಇಲ್ಲಿ ಇರಲಿಲ್ಲವೆಂದಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಈ ವಿಲೀನದ ಆಸೆಯನ್ನು ಕೈಬಿಡದೆ 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ಅವರ ಭಾವಚಿತ್ರಕ್ಕೆ ಹಾರ ಹಾಕಲು ಇಂದು ಜನಕ್ಕೆ ಕೊರತೆಯಿಲ್ಲ.

ಇನ್ನು ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವ ಸಂಗತಿ ತಮಗೆಲ್ಲ ತಿಳಿದದ್ದೇ. ಹೆತ್ತವರು ಶಾಲೆಯ ಎದುರು ಧರಣಿ ಕೂರುತ್ತಾರೆ, ನಾಯಕರು ನಿಯೋಗ ಕೊಂಡೊಯ್ದು ಮನವಿ ಕೊಡುತ್ತಾರೆ, ಮನವಿ ಕೊಡುವ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಬೆಂಬಲಿಗರು ಅದನ್ನೇ ಗೆಲುವೆಂದು ಹಂಚುತ್ತಾರೆ. ಪಾಠ ಅರ್ಥವಾಗದ ಮಕ್ಕಳು ಮಾತ್ರ ಗಣಿತದ ತರಗತಿಯಲ್ಲಿ ಬಾಯಿ ಮುಚ್ಚಿ ಕುಳಿತೇ ಇರುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹೋದ ವರ್ಷದ ಮನವಿ ಏನಾಯಿತೆಂದು ವೇದಿಕೆಯ ಮುಂದೆ ನಿಂತು ಕೇಳುವ ಒಬ್ಬ ಬೆಂಬಲಿಗನೂ ನಮ್ಮಲ್ಲಿಲ್ಲ, ಏಕೆಂದರೆ ಹಾಗೆ ಕೇಳಿದವನಿಗೆ ಮುಂದಿನ ನಿಯೋಗದಲ್ಲಿ ಜಾಗವಿರುವುದಿಲ್ಲ.