ಬಂತಾ? ಬಂತು!

ಬಾತ್‌ರೂಮಿನ ಸೀಲಿಂಗ್ ಮೇಲೆ ಕಂದು ಬಣ್ಣದ ಕಲೆಯೊಂದು ಕಾಣಿಸಿತು. ಮೊದಲು ಅಂಗೈಯಗಲ ಇತ್ತು. ಎರಡು ಮಳೆ ಆಗುವಷ್ಟರಲ್ಲಿ ತಟ್ಟೆಯಷ್ಟಾಯಿತು.

ಛಾವಣಿ ತೂರಿ ಹೊರಗೆ ಚಾಚಿದ ವೆಂಟ್ ಪೈಪಿನ (ಗಾಳಿ ಕೊಳವೆಯ) ಸುತ್ತ ತಿಂಗಳ ಹಿಂದಷ್ಟೇ ಹೊಸ ಶಿಂಗಲ್ಸ್ ಹಾಕಿಸಿದ್ದೆ. ಶಿಂಗಲ್ಸ್ ಅಂದರೆ ಹೆಂಚಿನ ಹಾಗೆ ಸಾಲುಸಾಲಾಗಿ ಹೊದಿಸುವ ತೆಳು ಹಲಗೆಗಳು. ಕೆಲಸ ನೋಡಿ ಪಾಸು ಮಾಡಿದವನೂ ನಾನೇ. ನೋಡಿದ್ದು ಹೇಗೆ ಅಂದರೆ, ಅಂಗಳದಲ್ಲಿ ನಿಂತು ಕತ್ತೆತ್ತಿ. ಪೈಪಿನ ಬುಡಕ್ಕೆ ಸಂದು ಮುಚ್ಚುವ ಕಪ್ಪು ಅಂಟು, ಸೀಲೆಂಟನ್ನು ದಪ್ಪಗೆ ಮೆತ್ತಿದ್ದರು. "ಧಾರಾಳವಾಗಿ ಹಾಕಿದ್ದೀರಿ" ಅಂತ ಹೊಗಳಿದ್ದೆ ಬೇರೆ. ಕೆಲಸದವರು ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಈಗ ನೀರು ಬಿಟ್ಟು ನೋಡುವುದು ಅಂತಾಯಿತು. ಹೆಂಡತಿಯ ಕೈಗೆ ಟಾರ್ಚ್ ಕೊಟ್ಟು ಅಟ್ಟ ಹತ್ತಿಸಿದೆ. ನಾನು ಏಣಿ ಮೇಲೆ ನಿಂತು ಛಾವಣಿಯ ತುದಿಯಿಂದಲೇ ನೀರು ಹರಿಸಿದೆ. ಎಲ್ಲಾ ಕಡೆ ಒದ್ದೆಯಾಯಿತು. ನುಸುಳಿದ್ದು ಎಲ್ಲಿ ಅಂತ ದೇವರಿಗೇ ಗೊತ್ತು. ಈ ಪರೀಕ್ಷೆಯನ್ನು ಕೆಳಗಿನಿಂದ ಶುರು ಮಾಡಬೇಕಂತೆ. ಒಂದು ಜಾಗಕ್ಕೆ ಸಾಕಷ್ಟು ಹೊತ್ತು ನೀರು ಬಿಟ್ಟು, ಏನೂ ಆಗದಿದ್ದರೆ ಮಾತ್ರ ಸ್ವಲ್ಪ ಮೇಲಕ್ಕೆ. ಅದೆಲ್ಲಾ ಒಣಗುವ ತನಕ ಕಾದು, ಮತ್ತೆ ಏಣಿ ಹತ್ತಿದೆ.

"ಬಂತಾ?"

"ಬಂತು, ಬಂತು!"

ನಲ್ಲಿ ನಿಲ್ಲಿಸಿ ಒಳಗೆ ಓಡಿದೆ. ಬಂದಿದ್ದು ಜೇಡ.

ಮೂರನೇ ಸಲ ನಿಜವಾಗಿಯೂ ನೀರು ಬಂತು. ಆದರೆ ಕಲೆಯ ನೇರಕ್ಕಲ್ಲ. ಪೈಪಿನ ಬುಡದಲ್ಲಿ ಒಳಗಿಳಿದು, ತೊಲೆ ಹಿಡಿದು ಎರಡು ಮಾರು ಜಾರಿ, ಆಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟು ದಿನ ನಾನು ಸುಮ್ನೆ ಕಲೆಯ ಮೇಲಿನ ಶಿಂಗಲ್ಸನ್ನು ಬೈದುಕೊಂಡಿದ್ದೆ.

ಬೇರೆ ಕೆಲಸದವರು ಬಂದು ಆ ಸೀಲೆಂಟ್ ಕೆರೆದರು. ಪೈಪಿನ ಬುಡಕ್ಕೆ ಫ್ಲಾಶಿಂಗ್ ಅಂತ ಒಂದು ಹಾಳೆ ಕೂರಿಸುತ್ತಾರೆ. ಅದರ ಮೇಲಂಚು ಮೇಲಿನ ಸಾಲಿನ ಶಿಂಗಲ್ಸ್ ಅಡಿಗೆ ಹೋಗಬೇಕು, ಕೆಳಂಚು ಕೆಳಗಿನ ಸಾಲಿನ ಮೇಲೆ ಕೂರಬೇಕು. ಆಗ ನೀರು ಒಂದರ ಮೇಲಿಂದ ಇನ್ನೊಂದರ ಮೇಲೆ ಜಾರಿಕೊಂಡು ತನ್ನ ಪಾಡಿಗೆ ಹೋಗುತ್ತದೆ. ನಮ್ಮದರಲ್ಲಿ ಕೆಳಂಚನ್ನೂ ಶಿಂಗಲ್ಸ್ ಅಡಿಗೇ ತುರುಕಿದ್ದರು. ಸಾಲದ್ದಕ್ಕೆ ಹಾಳೆಯ ನಟ್ಟನಡುವೆ ಎರಡು ಮೊಳೆ. ಆ ಸೀಲೆಂಟ್ ಇದ್ದದ್ದು ನೀರು ತಡೆಯೋದಕ್ಕಲ್ಲ, ನನ್ನ ಕಣ್ಣು ತಡೆಯೋದಕ್ಕೆ.

"ರೇನ್‌ಕೋಟಿನ ಅಂಚನ್ನು ಬೂಟಿನೊಳಗೆ ತೂರಿಸಿಕೊಂಡ ಹಾಗಾಯ್ತಲ್ವಾ?" ಅಂದಳು ಹೆಂಡತಿ. ಇಷ್ಟು ಸಲೀಸಾಗಿ ನನಗೆ ಯಾರೂ ಹೇಳಿರಲಿಲ್ಲ.

ಹೊಸಬರು ಹಾಳೆಯನ್ನು ಸರಿಯಾಗಿ ಕೂರಿಸಿದರು. ಹೊರಗೆ ಕಾಣುತ್ತಿದ್ದ ಮೊಳೆತಲೆಗಳ ಮೇಲೆ ಮಾತ್ರ ಚೂರೇ ಚೂರು ಸೀಲೆಂಟ್ ಇಟ್ಟರು. "ಇನ್ನೂ ಸ್ವಲ್ಪ ಜಾಸ್ತಿ ಹಾಕಿ" ಅನ್ನೋದಕ್ಕೆ ನಾನು ಬಾಯಿ ತೆರೆದೆ. ಹೆಂಡತಿ ಕಾಲು ತುಳಿದಳು.